ಮಿತಿಗಳನ್ನು ಓದಿ ಹೇಳುತ್ತಿದ್ದ ಮೇಡಮ್ಮೋರು

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ‘ಡಿಸ್‌ಪ್ಲೇ ಡ್ರೈವರಿಗೆ ಹೊಸ ಅಪ್‌ಡೇಟು ಬಂದಿದೆ’ ಎಂಬ ಚೌಕ ಮೂಡಿದರೆ ಲೋಕದ ಜನ ‘ಆಮೇಲೆ’ ಎಂಬುದನ್ನು ಒತ್ತಿ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳುತ್ತಾರೆ. ಪಾಂಡವಪುರದ ನಮ್ಮ ಹೈಸ್ಕೂಲಿನಲ್ಲಿ ಹಾಗೆ ಒತ್ತುವ ಅಧಿಕಾರ ಯಾರಿಗೂ ಇರಲಿಲ್ಲ, ಹೆಡ್‌ಮಾಸ್ಟರಿಗೂ. ಚೌಕ ಕಂಡ ಕೂಡಲೇ ಗಣಿತದ ಮೇಡಮ್ಮೋರಿಗೆ ಸುದ್ದಿ ಮುಟ್ಟಿಸಬೇಕು. ಅವರು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಂದು, ಸೆರಗು ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಶನಿವಾರವೇ ಯಾಕೆಂದರೆ, ಏನಾದರೂ ಎಡವಟ್ಟಾದರೆ ಸರಿಮಾಡಲು ಭಾನುವಾರ ಇರುತ್ತದೆ.

ನಾನು ಆ ಶಾಲೆಯ ಗುಮಾಸ್ತ. ಮೇಡಮ್ಮೋರು ತೀರಿಕೊಂಡು ಕೆಲವು ವಾರಗಳಾದವು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಕನ್ನಡ ಪಂಡಿತರು ಶಾಲೆಯಲ್ಲಿದ್ದಾರೆ. ಆದರೆ ಅವರು ಬರೆದರೆ ಮೇಡಮ್ಮೋರು ಜ್ಞಾನದ ದೀವಿಗೆ, ಕರುಣೆಯ ಕಡಲು ಎಲ್ಲ ಆಗಿಬಿಡುತ್ತಾರೆ. ನನಗೆ ಗೊತ್ತಿದ್ದವರು ತೊಣ್ಣೂರಿನ ಒಬ್ಬ ಬಾಯಿ ಜೋರಿನ ಹೆಂಗಸು. ಬೆಳಿಗ್ಗೆ ಕೊಟ್ಟಿಗೆ ಬಳಿದು, ಡೇರಿಗೆ ಹಾಲು ಹಾಕಿ, ಸ್ಕೂಟರಿನಲ್ಲಿ ಬಂದು ಪ್ರಮೇಯ ಹೇಳಿಕೊಡುತ್ತಿದ್ದರು. ಊರಿನ ಮಾತನ್ನು ಸ್ಟಾಫ್ ರೂಮಿನಲ್ಲೂ ಬಿಟ್ಟವರಲ್ಲ, ಕ್ಲಾಸಿನಲ್ಲೂ ಬಿಟ್ಟವರಲ್ಲ. ನಾನು ಇವತ್ತು ಈ ಕುರ್ಚಿಯಲ್ಲಿ ಕೂತಿರುವುದು ಅವರಿಂದ. ಅದನ್ನು ನನಗೆ ಬಂದ ಹಾಗೆ ಹೇಳಿಬಿಡಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಶಾಲೆಗೆ ಕಂಪ್ಯೂಟರ್ ಮೇಷ್ಟರು ಎಂದು ಯಾರೂ ಇರಲಿಲ್ಲ. ಯಾರೋ ದಾನಿಗಳು ತಮ್ಮ ಆಫೀಸಿನಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ದರು. ಅವುಗಳಿಗೆ ಹೊದಿಸಿದ ಬಟ್ಟೆ ತೆಗೆಯುವವರೇ ಇರಲಿಲ್ಲ. ‘ಕೊಟ್ಟಿಗೇಲಿ ಕಟ್ಟಿ ಮೇವಾಕ್ದೆ ಬುಟ್ಟವ್ರಲ್ಲ’ ಎಂದು ಬೈದುಕೊಂಡು ಮೇಡಮ್ಮೋರೇ ಕಲಿಯಲು ಕೂತರು. ಮೊದಲ ವರ್ಷ ಎರಡು ಯಂತ್ರ ಕೆಡಿಸಿದರು. ಕೆಡಿಸಿದ್ದನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಅವರೇ ಹೇಳಿದರು.

ಒಮ್ಮೆ ನಾನು ಕೇಳಿದೆ. ‘ಮೇಡಂ, ಈ ಡಿಸ್‌ಪ್ಲೇ ಡ್ರೈವರ್ ಅಂದ್ರೇನು? ಪರದೆ ಚೆನ್ನಾಗೇ ಕಾಣ್ತಾ ಅದಲ್ಲ, ಅದ್ನ ಯಾಕೆ ಆಗಾಗ ಬದಲಾಯಿಸ್ಬೇಕು?’

‘ಮದ್ವೆ ಮನೇಲಿ ಉಂಡಿದ್ದೀಯಲ್ಲ. ಒಳಗೆ ಭಟ್ಟ ಬೇಯಿಸಿರ್ತಾನೆ, ನೀನು ಎಲೆ ಮುಂದೆ ಕುಂತಿರ್ತೀಯ. ಮಧ್ಯ ಬಡ್ಸೋನೊಬ್ಬ ಬೇಕಲ್ವಾ? ಅವ್ನೇ ಕಣಪ್ಪ ಡ್ರೈವರು. ಒಳಗೆ ಕಂಪ್ಯೂಟ್ರು ಲೆಕ್ಕ ಮಾಡಿದ್ದ ತಂದು ಪರದೆ ಮ್ಯಾಲೆ ಬಡ್ಸದು ಅವ್ನ ಕೆಲ್ಸ. ಅವ್ನು ಎಡವಿದ್ರೆ ಪಾಯ್ಸ ಎಲ್ಲಾ ಸಾರಿನ ಮ್ಯಾಲೆ.’

ಪ್ರತಿ ಅಪ್‌ಡೇಟಿನ ಜೊತೆಗೂ ತಯಾರಕರು ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಕಳಿಸುತ್ತಾರೆ. ಹೊಸದೇನು, ಹಳೆಯ ದೋಷಗಳಲ್ಲಿ ಯಾವುದು ಸರಿಹೋಗಿದೆ ಎಂಬುದೆಲ್ಲ ಮೇಲುಗಡೆ. ‘ಗೊತ್ತಿರುವ ಮಿತಿಗಳು’ ಎಂಬ ಭಾಗ ಎಲ್ಲಕ್ಕಿಂತ ಕೆಳಗೆ, ಯಾರೂ ಓದದ ಜಾಗದಲ್ಲಿ. ಮೇಡಮ್ಮೋರು ಅಲ್ಲಿಂದಲೇ ಶುರುಮಾಡುತ್ತಿದ್ದರು. ನಾಳೆ ಆ ಯಂತ್ರದ ಮುಂದೆ ಕೂರುವವರು ಯಾರೋ ಅವರನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಸಾಲನ್ನೂ ತೊಣ್ಣೂರಿನ ಕನ್ನಡಕ್ಕೆ ತಿರುಗಿಸಿ ಹೇಳುವುದು ಅವರ ಪದ್ಧತಿ.

‘ಕಂಪ್ಯೂಟ್ರು ನಿದ್ದೆ ಮಾಡಿ ಎದ್ಮೇಲೆ ಎರಡ್ನೇ ಪರದೆ ಕಪ್ಪಾಗೇ ಇರಬೌದು. ಅಂಗಾದ್ರೆ ಕೇಬಲ್ ಕಿತ್ತು ತಿರ್ಗ ಸಿಗ್ಸು ಅಂತ ಯೋಳವ್ನೆ. ವಿಡಿಯೋ ದೊಡ್ಡದು ಮಾಡಿದಾಗ ಗೆರೆ ಬರಬೌದು. ಅದ್ಕೆ ಇನ್ನೂ ದಾರಿ ಸಿಕ್ಕಿಲ್ವಂತೆ. ನೋಡು, ಅವ್ನೇ ಒಪ್ಕಂಡವ್ನೆ.’

‘ಅವ್ನೇ ಒಪ್ಕಂಡವ್ನೆ’ ಎನ್ನುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಂತೋಷ, ಅವರ ಕ್ಲಾಸಿನ ಹುಡುಗ ನೂರಕ್ಕೆ ನೂರು ತೆಗೆದಾಗಲೂ ಇರುತ್ತಿರಲಿಲ್ಲ. ಮಾರುವವನೇ ತನ್ನ ಸರಕಿನ ಕುಂದು ಹೇಳುವುದನ್ನು ಅವರು ಬೇರೆಲ್ಲೂ ಕಂಡಿರಲಿಲ್ಲವಂತೆ. ಓದಿ ಮುಗಿಸಿ, ಹಳೆಯ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿ, ‘ಒಪ್ಗೆಯಾ?’ ಎಂದು ಕೇಳುತ್ತಿದ್ದರು. ಎದುರಿನವರು ಹೂಂ ಎಂದ ಮೇಲೆಯೇ ಗುಂಡಿ ಒತ್ತುವುದು. ಎದುರಿಗೆ ಇರುವುದು ಎಂಟನೇ ಕ್ಲಾಸಿನ ಮಕ್ಕಳಾದರೂ ಈ ಒಪ್ಪಿಗೆ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಒಂದೇ ಸಲ, ಅದೂ ಹೆಡ್‌ಮಾಸ್ಟರ ಕೃಪೆಯಿಂದ. ಶಾಲೆಯ ವಾರ್ಷಿಕೋತ್ಸವ. ಮಕ್ಕಳ ಕೋಲಾಟದ ವಿಡಿಯೋವನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕು. ‘ಮೇಡಂ, ಟೈಮಿಲ್ಲ, ಹಾಕ್ಬುಡಿ. ಓದೋದು ಆಮೇಲೆ ಓದಿದ್ರಾಯ್ತು’ ಎಂದು ಅವರು ಹಿಂದೆ ಬಿದ್ದು ಅಪ್‌ಡೇಟು ಮಾಡಿಸಿದರು. ಸಭೆ ಸೇರಿ, ದೀಪ ಬೆಳಗಿ, ವಿಡಿಯೋ ಶುರುವಾದರೆ ಮಕ್ಕಳೆಲ್ಲ ಅಡ್ಡಡ್ಡ ಮಲಗಿಕೊಂಡು ಕೋಲು ಹೊಡೆಯುತ್ತಿದ್ದಾರೆ. ಮುಖ್ಯ ಅತಿಥಿಗಳು ಮರ್ಯಾದಸ್ಥರು, ಕತ್ತು ಓರೆ ಮಾಡಿಕೊಂಡು ನೋಡತೊಡಗಿದರು. ಅವರನ್ನು ನೋಡಿ ಮುಂದಿನ ಸಾಲಿನವರೂ ಕತ್ತು ಓರೆ ಮಾಡಿದರು. ಮೇಡಮ್ಮೋರು ಹೋಗಿ ಮೈಕು ಹಿಡಿದರು. ‘ಇಂಗಾಗಬೌದು ಅಂತ ಅವ್ರು ಮೊದ್ಲೇ ಬರೆದಿದ್ರು. ನಾವು ಓದಿಲ್ಲ. ಸ್ವಲ್ಪ ಕುಂತಿರಿ, ನೆಟ್ಟಗೆ ಮಾಡ್ತೀನಿ.’ ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಆಮೇಲೆ ಅವರ ಶನಿವಾರಕ್ಕೆ ಅಡ್ಡ ಬರಲಿಲ್ಲ.

ಈ ಚಟ ಕಂಪ್ಯೂಟರಿನಲ್ಲೇ ನಿಂತಿದ್ದರೆ ಅವರ ಯಜಮಾನರಿಗೆ ನೆಮ್ಮದಿ ಇರುತ್ತಿತ್ತು. ಒಂದು ಸಲ ಮನೆಯ ಹಸು ಮಾರಾಟಕ್ಕಿತ್ತು. ನಾಗಮಂಗಲದ ಕಡೆಯವರು ಬಂದು, ಹಲ್ಲು ನೋಡಿ, ಕೆಚ್ಚಲು ಸವರಿ, ವ್ಯಾಪಾರ ಕುದುರಿ, ಇನ್ನೇನು ಹಗ್ಗ ಕೈ ಬದಲಾಯಿಸಬೇಕು. ಅಷ್ಟರಲ್ಲಿ ಶಾಲೆಯಿಂದ ಬಂದ ಮೇಡಮ್ಮೋರು ಸ್ಕೂಟರ್ ನಿಲ್ಲಿಸಿದವರೇ ‘ಒಂದ್ ನಿಮ್ಸ ತಡೀರಿ’ ಎಂದರು. ‘ಎಡಗಡೆ ಕುಂತು ಕರೆದ್ರೆ ಒದೀತದೆ, ಬಲಗಡೇನೇ ಆಗ್ಬೇಕು. ಗುಡುಗಿದ್ರೆ ಆ ವತ್ತು ಆಲು ಇಳುಸಕಿಲ್ಲ. ಬೂಸಾ ಬದಲಾಯಿಸಿದ್ರೆ ಮೂತಿ ತಿರುಗುಸ್ತದೆ.’ ಬಂದವರು ಮುಖ ಮುಖ ನೋಡಿಕೊಂಡು, ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಎದ್ದರು. ಯಜಮಾನರು ವಾರವೆಲ್ಲ ಹೆಂಡತಿಯೊಂದಿಗೆ ಮಾತು ಬಿಟ್ಟರು.

‘ಕೊನೆಗೆ ಅವ್ರೇ ಬಂದು ತಗಂಡೋದ್ರು ಕಣಪ್ಪ’ ಎಂದು ಮೇಡಮ್ಮೋರು ನನಗೆ ಹೆಮ್ಮೆಯಿಂದ ಹೇಳಿದ್ದರು. ‘ಬ್ಯಾರೆ ಕಡೆ ನೋಡಿದ್ರೆ ಎಲ್ರೂ ನಮ್ಮ ಅಸೂಗೆ ಏನೂ ಕುಂದಿಲ್ಲ ಅಂದ್ರಂತೆ. ಅದ್ಕೇ ಅವ್ರಿಗೆ ದಿಗಿಲಾಯ್ತಂತೆ.’

ಇದನ್ನು ಒಮ್ಮೆ ಯಜಮಾನರ ಮುಂದೆ ಹೇಳಿದಾಗ ಅವರು ಮೀಸೆ ಉಜ್ಜಿಕೊಂಡರು. ‘ಬೆಲೆ ಇಳಿಸಿ ತಗಂಡೋದ್ರು ಅನ್ನೋದ್ನ ಅವ್ಳು ಯೋಳ್ಲಿಲ್ವಾ?’

ಜೂನ್ ತಿಂಗಳ ಮೊದಲ ಪಾಠದಲ್ಲಿ ಅವರು ಮಕ್ಕಳಿಗೆ ತಮ್ಮ ಮಿತಿಗಳನ್ನೂ ಹೇಳುತ್ತಿದ್ದರು. ನನ್ನ ಆಫೀಸು ಪಕ್ಕದಲ್ಲೇ ಇದ್ದುದರಿಂದ ಗೋಡೆಯಾಚೆಗೆ ಕೇಳುತ್ತಿತ್ತು. ‘ನಾ ಬೋರ್ಡ್ ಮ್ಯಾಲೆ ಬರೆಯೋ ಒಂದು, ಏಳು ಒಂದೇ ಥರ ಕಾಣ್ತವೆ, ಅನುಮಾನ ಬಂದ್ರೆ ಕೇಳಿ. ಊಟ ಆದ್ಮೇಲೆ ನಂಗೆ ಕ್ವಾಪ ಜಾಸ್ತಿ, ತಂಟೆ ಮಾಡೋದಿದ್ರೆ ವತ್ತಾರೆನೇ ಮಾಡ್ಕಳಿ. ರೇಖಾಗಣಿತ ಚೆನ್ನಾಗಿ ಯೋಳ್ಕೊಡ್ತೀನಿ. ಸಂಭವನೀಯತೆ ನಂಗೂ ಅಷ್ಟಕ್ಕಷ್ಟೆ, ಅದ್ನ ಎಲ್ರೂ ಕೂಡ್ಕಂಡು ಕಲಿಯನ.’ ಮಕ್ಕಳು ನಗುತ್ತಿದ್ದರು. ಊಟದ ನಂತರದ ಪೀರಿಯಡ್ಡಿನಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ನನ್ನ ದೃಷ್ಟಿಯ ನಡುಭಾಗ ಮಬ್ಬಾಗತೊಡಗಿತು. ಒಂದು ಅಕ್ಷರವನ್ನು ನೇರವಾಗಿ ನೋಡಿದರೆ ಅಲ್ಲೊಂದು ಬೂದು ಮಚ್ಚೆ. ಅದರ ಅಕ್ಕಪಕ್ಕದ್ದು ಕಾಣುತ್ತದೆ. ಮೈಸೂರಿನ ಡಾಕ್ಟರು, ಕಣ್ಣಿನ ಹಿಂಭಾಗದ ಪದರ ಸವೆಯುತ್ತಿದೆ, ಕನ್ನಡಕದಿಂದ ಪ್ರಯೋಜನವಿಲ್ಲ, ಆದರೆ ಪೂರ್ತಿ ಕತ್ತಲಾಗುವುದಿಲ್ಲ ಎಂದರು. ಅವರು ಅದನ್ನು ಸಮಾಧಾನಕ್ಕೆ ಹೇಳಿದ್ದು. ಆದರೆ ಗುಮಾಸ್ತನ ಬಾಳೆಲ್ಲ ಆ ನಡುಭಾಗದಲ್ಲೇ ಇರುತ್ತದೆ. ಅಂಕಪಟ್ಟಿ, ಹಾಜರಿ, ವರ್ಗಾವಣೆ ಪತ್ರ, ಎಲ್ಲವೂ ಇರುವೆ ಸಾಲಿನಂಥ ಅಕ್ಷರ. ನನ್ನದು ಆಡಳಿತ ಮಂಡಳಿ ಕೊಟ್ಟ ಕೆಲಸ, ಸರ್ಕಾರದ್ದಲ್ಲ. ನಾಳೆಯಿಂದ ಬರಬೇಡ ಎಂದರೆ ಅಲ್ಲಿಗೆ ಮುಗಿಯಿತು. ಶೀಳನೆರೆಯ ಮನೆಯಲ್ಲಿ ಹೆಂಡತಿ ಮತ್ತು ಆಗ ತಾನೇ ಶಾಲೆಗೆ ಸೇರಿದ್ದ ಮಗಳು ನನ್ನನ್ನೇ ನೆಚ್ಚಿಕೊಂಡಿದ್ದರು. ಯಾರಿಗೂ ಹೇಳದೆ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ಕೆಲಸ ಮಾಡುತ್ತಿದ್ದೆ.

ಕಂಡುಹಿಡಿದವರು ಮೇಡಮ್ಮೋರು. ‘ಯಾಕಪ್ಪ, ನನ್ ಮಖ ಬುಟ್ಟು ಕಿವಿ ನೋಡ್ಕಂಡು ಮಾತಾಡ್ತೀಯ? ಓಲೆ ಚೆನ್ನಾಗವಾ?’

‘ಇಲ್ಲ ಮೇ‍ಡಂ, ಸುಮ್ನೆ.’

‘ಸುಮ್ನೆ ಯಾರೂ ನನ್ನ ಓಲೆ ನೋಡಕಿಲ್ಲ. ನಮ್ಮನೆಯವ್ರೇ ನೋಡಿಲ್ಲ. ಏನಾಗದೆ ಯೋಳು.’

ಹೇಳಿದೆ. ಅವರು ಅಯ್ಯೋ ಪಾಪ ಎನ್ನಲಿಲ್ಲ. ಕಾಯಿಲೆಯ ಹೆಸರು ಕೇಳಿದರು, ಡಾಕ್ಟರು ಹೇಳಿದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸೀಮೆಸುಣ್ಣ ತಂದು ಆಫೀಸಿನ ಬೀರುವಿನ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಅಂಕಿಗಳನ್ನು ಬರೆಯುತ್ತಾ ಹೋದರು. ಒಂದು ಗಾತ್ರಕ್ಕೆ ಬಂದಾಗ ನಾನು ಕಾಣುತ್ತದೆ ಎಂದೆ. ಗೇಣುದ್ದದ ಸ್ಕೇಲು ಇಟ್ಟು ಅದನ್ನು ಅಳೆದುಕೊಂಡರು. ‘ಇಷ್ಟು ಕಾಣ್ತದಲ್ಲ, ಮಾಡನ ಬುಡು’ ಎಂದು ಹೋದರು.

ಮುಂದಿನ ಶನಿವಾರ ಒಂದು ಗೂಡ್ಸ್ ಆಟೋ ಬಂದು ಶಾಲೆಯ ಮುಂದೆ ನಿಂತಿತು. ಯಜಮಾನರು ಅವರ ಮನೆಯ ದೊಡ್ಡ ಟಿ.ವಿ.ಯನ್ನು ಮಗುವಿನಂತೆ ತಬ್ಬಿ ಹಿಡಿದು ಇಳಿದರು. ದಿನವೂ ಸಂಜೆ ಕಬಡ್ಡಿ ನೋಡುವ ಮನುಷ್ಯ ಅವರು. ‘ಅಣ್ಣ, ನಿಮ್ಗೆ?’ ಎಂದೆ. ‘ಪಕ್ಕದ್ಮನೇಲಿ ನೋಡ್ಕತೀನಿ ಬುಡಪ್ಪ, ಇವ್ಳ ತಾವ ಯಾರು ವಾದ ಮಾಡ್ತಾರೆ’ ಎಂದು ಬೆವರು ಒರೆಸಿಕೊಂಡರು.

ನನ್ನ ಯಂತ್ರದ ಹಳೆಯ ಡ್ರೈವರಿಗೆ ಅಷ್ಟು ದೊಡ್ಡ ಪರದೆಗೆ ಬಡಿಸುವ ತಾಕತ್ತಿರಲಿಲ್ಲ. ಹೊಸದಕ್ಕೆ ಇತ್ತು. ಮೇಡಮ್ಮೋರು ನನ್ನನ್ನು ಎದುರಿಗೆ ಕೂರಿಸಿಕೊಂಡು ಓದಿದರು. ‘ಕೆಲವು ಟಿ.ವಿ.ಗಳಲ್ಲಿ ಚಿತ್ರದ ಅಂಚು ಕತ್ತರಿಸಿದಂಗೆ ಕಾಣಬೌದು ಅಂತ ಅವ್ನೇ ಒಪ್ಕಂಡವ್ನೆ. ನಿಂಗೆ ನಡು ಕಾಣಾಕಿಲ್ಲ, ಇದ್ಕೆ ಅಂಚು ಕಾಣಾಕಿಲ್ಲ. ಒಳ್ಳೆ ಜೋಡಿ ಆಯ್ತದೆ. ಒಪ್ಗೆಯಾ?’ ಆ ಕಾಯಿಲೆ ಬಂದ ಮೇಲೆ ನಾನು ಮನಸಾರೆ ನಕ್ಕಿದ್ದು ಆವತ್ತೇ. ಒಪ್ಪಿಗೆ ಎಂದೆ. ಅವರು ಹೇಳಿದಂತೆ ಅಂಕಪಟ್ಟಿಯ ಕೊನೆಯ ಕಲಮು, ಒಟ್ಟು ಮೊತ್ತ ಇರುವುದು, ಅಂಚಿನಾಚೆ ಹೋಗಿಬಿಟ್ಟಿತ್ತು. ಚಿತ್ರವನ್ನು ಕುಗ್ಗಿಸಿ ಕುಗ್ಗಿಸಿ ಅದನ್ನು ಒಳಗೆ ತಂದರು. ಅಂಗೈಯಗಲದ ಅಕ್ಷರಗಳು ಟಿ.ವಿ.ಯ ಮೇಲೆ ನಿಂತವು. ಮಚ್ಚೆಯ ಪಕ್ಕದಿಂದ ನಾನು ಒಂದೊಂದನ್ನೇ ಓದಿದೆ.

ಕೆಲಸ ಸರಾಗವಾಯಿತು ಎಂದು ನಾನು ಹಿಗ್ಗುವಷ್ಟರಲ್ಲಿ ಮೇಡಮ್ಮೋರು, ‘ಈಗ ಸೆಕ್ರೆಟ್ರಿಗೆ ಯೋಳು’ ಎಂದರು.

‘ಕೆಲ್ಸ ಓಯ್ತದೆ ಮೇಡಂ.’

‘ಓಗಬೌದು. ಓಗಕಿಲ್ಲ ಅಂತ ನಾ ಯೋಳಕಿಲ್ಲ. ಆದ್ರೆ ಒಂದ್ ಅಂಕಿ ತಪ್ಪು ಬಿದ್ದು ಅವ್ರಾಗೇ ಕಂಡ್ಕಂಡ್ರೆ ನೀನು ಕಳ್ಳ ಆಯ್ತೀಯ. ನೀನೇ ಮೊದ್ಲು ಯೋಳಿದ್ರೆ ಅದು ಗೊತ್ತಿರೋ ಮಿತಿ. ಅದ್ರ ಕೆಳಗೆ ದಾರೀನೂ ಯೋಳಬೌದು.’

‘ನೀವೂ ಬನ್ನಿ.’

‘ನಾ ಬಂದ್ರೆ ಶಿಫಾರಸು ಆಯ್ತದೆ. ನಿಂದ ನೀನೇ ಓದು.’

ಆಡಳಿತ ಮಂಡಳಿಯ ಸೆಕ್ರೆಟರಿಯವರಿಗೆ ಒಂದು ಆಲೆಮನೆ ಇತ್ತು. ಶಾಲೆಗಿಂತ ಹೆಚ್ಚು ಹೊತ್ತು ಅಲ್ಲೇ ಇರುತ್ತಿದ್ದರು. ಮಧ್ಯಾಹ್ನ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ನಿಂತೇ ಹೇಳಿದೆ. ಕೈಬರಹ ಓದಲಾಗುವುದಿಲ್ಲ. ಸಣ್ಣ ಅಚ್ಚು ಓದಲಾಗುವುದಿಲ್ಲ. ದೂರದಿಂದ ಬಂದವರ ಗುರುತು ಹತ್ತುವುದಿಲ್ಲ, ನಮಸ್ಕಾರ ಮಾಡದಿದ್ದರೆ ಸೊಕ್ಕು ಎಂದುಕೊಳ್ಳಬೇಡಿ. ಟಿ.ವಿ.ಯ ಮೇಲೆ ಬರುವುದೆಲ್ಲ ಓದುತ್ತೇನೆ. ಕೈಬರಹವನ್ನು ಜವಾನರು ಓದಿ ಹೇಳಿದರೆ ಟೈಪು ಮಾಡುತ್ತೇನೆ, ಸಹಿಗೆ ಹೋಗುವ ಮುಂಚೆ ಇನ್ನೊಬ್ಬರು ನೋಡಲಿ. ಇಷ್ಟು ಹೇಳುವುದರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

ಅವರು ಕೊಪ್ಪರಿಗೆಯ ಕಡೆ ತಿರುಗಿ ಒಮ್ಮೆ ಹಾಲು ಕಲಕಿದರು. ಆಮೇಲೆ ‘ಕುಂತ್ಕ’ ಎಂದರು. ‘ನಂಗೂ ಸಕ್ಕರೆ ಕಾಯ್ಲೆ ಕಣ್ಲಾ. ಕಾಲು ಮರಗಟ್ಟೋಗದೆ. ನಿಮ್ಮ ಸ್ಕೂಲ್ ಮಾಳಿಗೆ ಮೆಟ್ಲು ಅತ್ತಕ್ಕಾಗಕಿಲ್ಲ. ಅದ್ಕೇ ಮೀಟಿಂಗು ಮುಂದಾಕ್ಕಂಡು ಬತ್ತಾ ಇರೋದು. ಯಾರ್ಗೂ ಯೋಳಿಲ್ಲ.’ ಒಂದು ತುಂಡು ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಟ್ಟರು. ‘ಈ ವರ್ಸ ನೀ ಯೋಳ್ದಂಗೇ ಮಾಡು. ನೋಡನ.’ ಆ ವರ್ಷ ಕಳೆಯಿತು, ಮುಂದಿನದೂ ಕಳೆಯಿತು. ಈಗ ಮೀಟಿಂಗು ಕೆಳಗಿನ ಕೊಠಡಿಯಲ್ಲೇ ನಡೆಯುವುದರಿಂದ ಅವರ ವಿಷಯವೂ ಗುಟ್ಟಾಗಿ ಉಳಿದಿಲ್ಲ.

ನಾನು ಶಾಲೆಗೆ ವಾಪಸು ಬಂದಾಗ ಮೇಡಮ್ಮೋರು ಆಫೀಸಿನ ಬಾಗಿಲಲ್ಲೇ ಇದ್ದರು. ಕೆಲಸ ಉಳಿಯಿತು ಎಂದೆ. ‘ಸರಿ, ಓಗಿ ಉಣ್ಣು’ ಎಂದಷ್ಟೇ ಹೇಳಿ ಒಳಗೆ ನಡೆದರು. ಅವರ ಬುತ್ತಿ ಮೇಜಿನ ಮೇಲೆ ಬಿಚ್ಚದೆ ಹಾಗೆಯೇ ಇತ್ತು.

ಮೇಡಮ್ಮೋರು ನಿವೃತ್ತರಾದ ಮೇಲೂ ಅಪ್‌ಡೇಟು ಬಂದರೆ ಫೋನು ಮಾಡುತ್ತಿದ್ದೆ. ಅವರು ಓದಿಸಿಕೊಂಡು ಅರ್ಥ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಹಾಲು ಕರೆದು ಎದ್ದವರು ಕೊಟ್ಟಿಗೆಯಲ್ಲೇ ಕುಸಿದರಂತೆ. ನಾನು ತೊಣ್ಣೂರು ಮುಟ್ಟುವ ಹೊತ್ತಿಗೆ ಮೈಸೂರಿನಿಂದ ಬಂದವರು ಅವರ ಕಣ್ಣುಗಳನ್ನು ದಾನವಾಗಿ ತೆಗೆದುಕೊಂಡು ಹೋಗಿದ್ದರು. ಅವರು ಅಂಥ ಕೆಲಸ ಮಾಡುವವರೇ ಎಂದುಕೊಂಡು, ಮುಖ ನೋಡಿ, ಕೈಮುಗಿದು ಬಂದೆ.

ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು, ತಿಥಿ ಮುಗಿದ ಮೇಲೆ ಒಂದು ಭಾನುವಾರ ಯಜಮಾನರನ್ನು ಮಾತಾಡಿಸಲು ಹೋದೆ. ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ‘ಕಣ್ಣು ಕೊಟ್ಟಿದ್ದು ದೊಡ್ಡ ಕೆಲ್ಸ ಅಣ್ಣ’ ಎಂದೆ.

‘ಆ ಕಣ್ಣ ನಿಂಗೇ ಅಂತ ಬರೆಸಕೆ ಓಗಿದ್ಲು ಕಣಪ್ಪ’ ಎಂದರು.

‘ನಂಗಾ?’ ಎಂದೆ.

‘ನೀನು ಕಣ್ಣಿನ ವಿಸ್ಯ ಯೋಳಿದ್ಯಲ್ಲ, ಆ ವಾರದಲ್ಲೇ. ನನ್ನೂ ಕರ್ಕಂಡು ಮೈಸೂರಿಗೆ ಓದ್ಲು. ಇಂಥಾ ಕಾಯ್ಲೆ, ನಾ ಸತ್ಮೇಲೆ ನನ್ ಕಣ್ಣ ನಮ್ಮ ಗುಮಾಸ್ತ್ರಿಗೆ ಆಕಿ ಅಂದ್ಲು. ಕೊಟ್ಟ ಕಣ್ಣಲ್ಲಿ ಮುಂದಿನ ಪೊರೆ ಒಂದೇ ಕೆಲ್ಸಕ್ಕೆ ಬರೋದು, ಅವ್ರಿಗೆ ಕೆಟ್ಟಿರೋದು ಹಿಂದ್ಗಡೆ, ಇದ್ರಿಂದ ಆಗಕಿಲ್ಲ ಅಂದ್ರು ಡಾಕ್ಟ್ರು. ಎಂಗೂ ಆಗಕಿಲ್ವಾ ಅಂತ ತಿರ್ಗಿ ತಿರ್ಗಿ ಕೇಳಿದ್ಲು. ಆಗಕಿಲ್ಲ ಅಂದ್ರು. ಅಂಗಾರೆ ಯಾರಿಗಾದ್ರೂ ಆಕಿ ಅಂತ ಸೈನ್ ಮಾಡಿ ಬಂದ್ಲು. ಬಸ್ಸಲ್ಲಿ ಊರು ಬರಗಂಟ ಅತ್ಲು.’

‘ನಂಗೆ ಯೋಳ್ಲೇ ಇಲ್ವಲ್ಲ ಅಣ್ಣ.’

‘ನಾನೂ ಅಂದೆ, ಅಸ ಮಾರುವಾಗ್ಲೂ ಬುಡ್ದೆ ಯೋಳೋಳು, ಇದ್ನೂ ಅವ್ನಿಗೆ ಯೋಳ್ಬುಡು ಅಂತ. ಇದೊಂದ ಯೋಳದು ನನ್ ಕೈಲಾಗಕಿಲ್ಲ ಅಂದ್ಲು.’

ನಾನು ಅಲ್ಲೇ ಜಗಲಿಯ ಮೇಲೆ ಕೂತು ಜೋರಾಗಿ ಅತ್ತೆ. ಅವರು ತಡೆಯಲಿಲ್ಲ.